ಬಿಟ್ಟದ್ದರ ಪಟ್ಟಿ

ಬ್ಯಾಕಪ್ ತಂತ್ರಾಂಶಕ್ಕೆ ‘ಇಂಥ ಫೋಲ್ಡರ್ ಬೇಡ’ ಎಂದು ಹೇಳುವಾಗ ಎರಡು ಬಗೆಯ ತಪ್ಪಾಗುತ್ತದೆ. ಬೇಡವೆಂದದ್ದು ಒಳಗೆ ಬಂದುಬಿಡುತ್ತದೆ, ಇಲ್ಲವೇ ಬೇಕಾದದ್ದು ಹೊರಗೆ ಉಳಿದುಬಿಡುತ್ತದೆ. ಮೊದಲನೆಯದು ತಾನಾಗಿಯೇ ಗೊತ್ತಾಗುತ್ತದೆ. ಡಿಸ್ಕ್ ತುಂಬುತ್ತದೆ, ರಾತ್ರಿ ಮುಗಿಯಬೇಕಾದ ಕೆಲಸ ಬೆಳಗಿನವರೆಗೆ ಎಳೆಯುತ್ತದೆ, ಎದ್ದು ನೋಡಲೇಬೇಕಾಗುತ್ತದೆ. ಎರಡನೆಯದು ಯಾರಿಗೂ ಏನೂ ಹೇಳುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ, ಡಿಸ್ಕಿನಲ್ಲಿ ಜಾಗ ಮಿಗುತ್ತದೆ, ಲಾಗ್ ಫೈಲಿನಲ್ಲಿ ಒಂದು ದೋಷವೂ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿರುವಂತೆ ಕಾಣುತ್ತದೆ. ನಾನು ಮಾಡಿದ್ದು ಈ ಎರಡನೆಯ ತಪ್ಪು. ಅದರಿಂದ ಹೋದದ್ದು ಧಾರವಾಡದ ಹತ್ತಿರದ ಹಳ್ಳಿಯೊಂದರ ಅಜ್ಜಿ ಬೀಸುಕಲ್ಲಿನ ಮುಂದೆ ಕೂತು ಹಾಡಿದ ಪದಗಳು. ಅವರು ಈಗಿಲ್ಲ.

ಬೀಸುವ ಪದಗಳನ್ನು ಸಂಗ್ರಹಿಸುವುದು ನಮ್ಮ ಕಡೆ ಹೊಸ ಕೆಲಸವಲ್ಲ. ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ತ್ರಿಪದಿಗಳು ‘ಗರತಿಯ ಹಾಡು’ ಎಂಬ ಪುಸ್ತಕವಾಗಿ 1931ರಲ್ಲೇ ಬಂದಿವೆ. ಪುಸ್ತಕದಲ್ಲಿ ಸಾಲು ಉಳಿಯುತ್ತದೆ. ಯಾವ ಅಕ್ಷರವನ್ನು ಎಷ್ಟು ಎಳೆದರು, ಉಸಿರು ಎಲ್ಲಿ ತೆಗೆದುಕೊಂಡರು, ಕಲ್ಲು ಭಾರವಾದಾಗ ದನಿ ಹೇಗೆ ಬಾಗಿತು ಎಂಬುದು ಉಳಿಯುವುದಿಲ್ಲ. ಊರಿಗೊಂದು ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕೆಲಸ ನಿಂತಿತು, ಕೆಲಸದ ಜೊತೆಗಿದ್ದ ಹಾಡೂ ನಿಂತಿತು. ಬಾಯಲ್ಲಿ ಅದು ಇನ್ನೂ ಇದ್ದವರು ಎಪ್ಪತ್ತು ಎಂಬತ್ತು ದಾಟಿದವರು. ನನ್ನ ಹತ್ತಿರ ಒಂದು ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕ್ ಇತ್ತು. ರಜೆ ಸಿಕ್ಕಾಗಲೆಲ್ಲ ಹಳ್ಳಿಗೆ ಹೋಗುತ್ತಿದ್ದೆ.

ಆ ಅಜ್ಜಿಗೆ ಸುಮ್ಮನೆ ಕೂತು ಹಾಡಲು ಬರುತ್ತಿರಲಿಲ್ಲ. ಎರಡು ನುಡಿ ಹೇಳಿ ನಿಲ್ಲಿಸಿಬಿಡುತ್ತಿದ್ದರು. “ಕಲ್ಲ ತಿರಗದಿದ್ರ ಪದಾ ಬರೂದಿಲ್ಲ ತಮ್ಮಾ” ಎಂದರು. ಸೊಸೆ ಮೂಲೆಯಲ್ಲಿ ಬಿದ್ದಿದ್ದ ಕಲ್ಲು ತೊಳೆದು ಒರೆಸಿ, ಗೂಟ ಬಿಗಿ ಮಾಡಿ, ಒಂದಿಷ್ಟು ಜೋಳ ತಂದು ಸುರಿದರು. ಅತ್ತೆ ಸೊಸೆ ಎದುರುಬದುರಾಗಿ ಕೂತು ಗೂಟ ಹಿಡಿದರು. ಆಮೇಲೆ ಹಾಡು ನಿಲ್ಲಲಿಲ್ಲ. ಮೈಕಿನಲ್ಲಿ ದನಿಯ ಕೆಳಗೆ ಕಲ್ಲಿನ ಗರಗರ ಸದ್ದೂ ಬರುತ್ತಿತ್ತು. ಅದನ್ನು ತೆಗೆದುಹಾಕುವ ಉಪಾಯ ತಂತ್ರಾಂಶದಲ್ಲಿ ಇದೆ. ನಾನು ತೆಗೆಯಲಿಲ್ಲ, ತೆಗೆಯುವಂಥದ್ದಲ್ಲ ಅದು.

ರೆಕಾರ್ಡ್ ಮಾಡಿದ್ದು ಆಡಾಸಿಟಿಯಲ್ಲಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಕಟ್ಟಿ, 2000ದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಮುಕ್ತ ತಂತ್ರಾಂಶ ಅದು. ಅದು ಫೈಲುಗಳನ್ನು ಹೇಗೆ ಇಡುತ್ತಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ತಪ್ಪು ಅಲ್ಲೇ ಇದೆ. ಎರಡನೆಯ ಸರಣಿಯವರೆಗೆ ಒಂದು ಪ್ರಾಜೆಕ್ಟನ್ನು ಉಳಿಸಿದರೆ ಎರಡು ವಸ್ತು ಹುಟ್ಟುತ್ತಿದ್ದವು. ಒಂದು, ನಾವು ಕೊಟ್ಟ ಹೆಸರಿನ ಎಯುಪಿ ಫೈಲು. ಇನ್ನೊಂದು, ಅದೇ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕಿ ‘ಡೇಟಾ’ ಎಂದು ಸೇರಿಸಿದ ಫೋಲ್ಡರು. ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರು, ಅದರೊಳಗೆ ಮತ್ತೊಂದು, ಕೊನೆಗೆ ಯಾರಿಗೂ ಅರ್ಥವಾಗದ ಹೆಸರಿನ ಎಯು ಫೈಲುಗಳ ರಾಶಿ. ಧ್ವನಿ ಇರುತ್ತಿದ್ದದ್ದು ಈ ರಾಶಿಯಲ್ಲಿ. ಒಂದೊಂದು ತುಣುಕಿನಲ್ಲಿ ಹೆಚ್ಚೆಂದರೆ 2,62,144 ಮಾದರಿಗಳು, ಅಂದರೆ ಸೆಕೆಂಡಿಗೆ 44,100ರ ವೇಗದಲ್ಲಿ ಸುಮಾರು ಆರು ಸೆಕೆಂಡಿನ ದನಿ. ಒಂದು ಗಂಟೆಯ ಸ್ಟೀರಿಯೋ ಧ್ವನಿಗೆ 1,200ಕ್ಕೂ ಹೆಚ್ಚು ತುಣುಕು. ಎಯುಪಿ ಫೈಲಿನಲ್ಲಿ ಇದ್ದದ್ದು ಈ ತುಣುಕುಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬ ಬರಹ ಮಾತ್ರ.

ಈ ವಿವರ ನನಗೆ ಆಗ ಗೊತ್ತಿರಲಿಲ್ಲ. ಎಯುಪಿ ಫೈಲನ್ನು ಕ್ಲಿಕ್ಕಿಸಿದರೆ ಹಾಡು ಬರುತ್ತಿತ್ತು. ಹಾಡು ಅದರೊಳಗೇ ಇದೆ ಎಂದುಕೊಂಡಿದ್ದೆ.

ಬ್ಯಾಕಪ್ಪಿಗೆ ನಾನು ಬಳಸುತ್ತಿದ್ದದ್ದು ಆರ್‌ಸಿಂಕ್. ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಈ ಉಪಕರಣ ಲಿನಕ್ಸ್ ಬಳಸುವವರಿಗೆಲ್ಲ ಪರಿಚಿತ. ಎರಡು ಕಡೆಯ ಫೋಲ್ಡರುಗಳನ್ನು ಹೋಲಿಸಿ ಬದಲಾದದ್ದನ್ನಷ್ಟೇ ದಾಟಿಸುತ್ತದೆ. ಒಂದು ಸಣ್ಣ ಸ್ಕ್ರಿಪ್ಟ್ ಬರೆದು, ರಾತ್ರಿ ಎಕ್ಸ್‌ಟರ್ನಲ್ ಡಿಸ್ಕಿಗೆ ತಾನಾಗಿ ನಡೆಯುವಂತೆ ಮಾಡಿಕೊಂಡಿದ್ದೆ. ರೆಕಾರ್ಡಿಂಗ್ ಹೆಚ್ಚಿದಂತೆ ಅದು ನಿಧಾನವಾಗತೊಡಗಿತು. ದೊಡ್ಡ ಫೈಲೊಂದನ್ನು ದಾಟಿಸುವುದಕ್ಕಿಂತ ಅಷ್ಟೇ ಗಾತ್ರದ ಸಾವಿರ ಸಣ್ಣ ಫೈಲುಗಳನ್ನು ದಾಟಿಸಲು ಎಷ್ಟೋ ಹೆಚ್ಚು ಹೊತ್ತು ಬೇಕು, ಪ್ರತಿಯೊಂದನ್ನೂ ತೆರೆದು, ಹೋಲಿಸಿ, ಮುಚ್ಚಬೇಕು. ಡಿಸ್ಕೂ ತುಂಬುತ್ತಾ ಬಂದಿತ್ತು. ಒಂದು ಸಂಜೆ ಕೂತು ಕಾರಣ ಹುಡುಕಿದೆ. ಡೇಟಾ ಎಂದು ಕೊನೆಯಾಗುವ ಫೋಲ್ಡರುಗಳು, ಅವುಗಳೊಳಗೆ ಅಂಕಿ ಅಕ್ಷರ ಬೆರೆತ ಹೆಸರಿನ ಸಾವಿರಾರು ಚೂರುಗಳು. ಮನುಷ್ಯರು ಕೊಟ್ಟ ಹೆಸರುಗಳಂತೆ ಅವು ಕಾಣಲಿಲ್ಲ. ತಂತ್ರಾಂಶ ತನ್ನ ಅನುಕೂಲಕ್ಕೆ ಮಾಡಿಕೊಂಡ ತಾತ್ಕಾಲಿಕ ಕಸ, ಬೇಕಾದರೆ ಮತ್ತೆ ತಾನೇ ಮಾಡಿಕೊಳ್ಳುತ್ತದೆ ಎಂದು ತೀರ್ಮಾನಿಸಿದೆ. ಬ್ರೌಸರಿನ ಕ್ಯಾಶ್ ಫೋಲ್ಡರುಗಳ ವಿಷಯದಲ್ಲಿ ಆ ಮಾತು ನಿಜ. ಆ ಅನುಭವವನ್ನೇ ಇಲ್ಲಿಗೂ ತಂದೆ. ಒಂದು ತುಣುಕನ್ನು ತೆರೆದು ಕೇಳಿದ್ದರೆ ಸಾಕಿತ್ತು, ಆರು ಸೆಕೆಂಡಿನ ಕೆಲಸ. ಕೇಳಲಿಲ್ಲ.

ಸ್ಕ್ರಿಪ್ಟಿಗೆ ಎರಡು ಬದಲಾವಣೆ ಮಾಡಿದೆ. ಹೊರಗಿಡುವ ಪಟ್ಟಿಯಲ್ಲಿ ‘*_ಡೇಟಾ/’ ಎಂಬ ಒಂದು ಸಾಲು ಸೇರಿಸಿದೆ. ಸ್ಕ್ರಿಪ್ಟಿನಲ್ಲಿದ್ದ ಡಿಲೀಟ್ ಎಂಬ ಆಯ್ಕೆಯ ಜಾಗದಲ್ಲಿ ಡಿಲೀಟ್-ಎಕ್ಸ್‌ಕ್ಲೂಡೆಡ್ ಎಂಬುದನ್ನು ಹಾಕಿದೆ. ಮೊದಲನೆಯ ಬದಲಾವಣೆ ತಪ್ಪು, ಎರಡನೆಯದು ಅನಾಹುತ. ಆರ್‌ಸಿಂಕಿನಲ್ಲಿ ಬರೀ ಡಿಲೀಟ್ ಎಂದಿದ್ದರೆ, ಮೂಲದಲ್ಲಿ ಅಳಿಸಿದ್ದು ಬ್ಯಾಕಪ್ಪಿನಲ್ಲೂ ಅಳಿಯುತ್ತದೆ. ಆದರೆ ಹೊರಗಿಡುವ ನಿಯಮಕ್ಕೆ ಸಿಕ್ಕ ಹಳೆಯ ಪ್ರತಿಗಳನ್ನು ಅದು ಮುಟ್ಟುವುದಿಲ್ಲ, ಅವು ಅಲ್ಲೇ ಸುರಕ್ಷಿತವಾಗಿರುತ್ತವೆ. ಡಿಲೀಟ್-ಎಕ್ಸ್‌ಕ್ಲೂಡೆಡ್ ಎಂದರೆ ಅವನ್ನೂ ಅಳಿಸು ಎಂದರ್ಥ. ಜಾಗ ಬೇಕಾಗಿತ್ತು, ಅದಕ್ಕೇ ಹಾಕಿದೆ. ಅಲ್ಲಿಯವರೆಗೆ ಬ್ಯಾಕಪ್ಪಿನಲ್ಲಿ ಭದ್ರವಾಗಿದ್ದ ಅಜ್ಜಿಯ ದನಿ ಆ ರಾತ್ರಿ ಅಳಿಯಿತು.

ಲಾಗ್ ಅದನ್ನು ಮುಚ್ಚಿಡಲಿಲ್ಲ. ಅಳಿಸಿದ ಪ್ರತಿಯೊಂದು ಫೈಲಿಗೂ ಒಂದು ಸಾಲಿನಂತೆ ಸಾವಿರಾರು ಸಾಲು ಬರೆದಿತ್ತು. ನಾನು ಲಾಗಿನ ಕೊನೆಯ ಕೆಲವು ಸಾಲು ಮಾತ್ರ ತೆರೆಯ ಮೇಲೆ ಬರುವಂತೆ ಮಾಡಿಕೊಂಡಿದ್ದೆ. ಕೊನೆಯ ಸಾಲುಗಳಲ್ಲಿ ಒಟ್ಟು ಗಾತ್ರ, ವೇಗ ಇಷ್ಟೇ ಇರುತ್ತದೆ. ಅಳಿಸುವುದು ಆರ್‌ಸಿಂಕಿನ ಲೆಕ್ಕದಲ್ಲಿ ದೋಷವಲ್ಲ, ಹೇಳಿದ ಕೆಲಸ. ಹಾಗಾಗಿ ದೋಷಗಳ ಪಟ್ಟಿ ಖಾಲಿ. ಮರುದಿನ ಡಿಸ್ಕಿನಲ್ಲಿ ಎಷ್ಟೊಂದು ಜಾಗ ಬಂತೆಂದು ನೋಡಿ ಸಂತೋಷಪಟ್ಟೆ. ಬ್ಯಾಕಪ್ ಸರಿಯಿದೆಯೇ ಎಂದು ಪರೀಕ್ಷಿಸಲೂ ಮರೆಯಲಿಲ್ಲ. ಒಂದು ಪತ್ರ ತೆರೆದು ನೋಡಿದೆ, ಕೆಲವು ಫೋಟೋ ತೆರೆದು ನೋಡಿದೆ, ಹಾಡುಗಳ ಫೋಲ್ಡರಿನಲ್ಲಿ ಎಯುಪಿ ಫೈಲುಗಳು ಸಾಲಾಗಿ ಇರುವುದನ್ನೂ ನೋಡಿದೆ. ಅವುಗಳಲ್ಲಿ ಒಂದನ್ನೂ ಬ್ಯಾಕಪ್ ಡಿಸ್ಕಿನಿಂದ ತೆರೆದು ಕೇಳಲಿಲ್ಲ.

ಆ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡರು. ಅದಾದ ಕೆಲವು ತಿಂಗಳಿಗೆ ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟಿತು. ಗಾಬರಿಯಾಗಲಿಲ್ಲ, ಬ್ಯಾಕಪ್ ಇದೆಯೆಂಬ ಧೈರ್ಯ. ಹೊಸ ಡಿಸ್ಕ್ ಹಾಕಿಸಿ ಎಲ್ಲವನ್ನೂ ಮರಳಿ ತುಂಬಿದೆ. ಹಾಡಿನ ಪ್ರಾಜೆಕ್ಟ್ ತೆರೆದಾಗ, ಪ್ರಾಜೆಕ್ಟಿನ ಡೇಟಾ ಫೋಲ್ಡರ್ ಸಿಗುತ್ತಿಲ್ಲ ಎಂಬ ಸಂದೇಶ ಬಂತು. ಇನ್ನೊಂದು ತೆರೆದೆ, ಅದೇ ಸಂದೇಶ. ಎಲ್ಲವೂ ಹಾಗೆಯೇ.

ಎಯುಪಿ ಫೈಲು ಬರೀ ಪಠ್ಯ. ಅದನ್ನು ಪಠ್ಯ ಸಂಪಾದಕದಲ್ಲಿ ತೆರೆದು ಕೂತೆ. ತುಣುಕಿನ ಹೆಸರು, ಅದರ ಉದ್ದ, ಆಮೇಲೆ ಮೂರು ದಶಮಾಂಶ ಸಂಖ್ಯೆ: ಆ ಆರು ಸೆಕೆಂಡಿನಲ್ಲಿ ಅಲೆಯ ಕನಿಷ್ಠ ಮಟ್ಟ, ಗರಿಷ್ಠ ಮಟ್ಟ, ಒಟ್ಟಾರೆ ಗಟ್ಟಿತನ. ಹೀಗೆ ಸಾಲಿನ ಮೇಲೆ ಸಾಲು. ಎಲ್ಲಿ ಅಜ್ಜಿ ದನಿ ಏರಿಸಿದ್ದರು, ಎಲ್ಲಿ ಕಲ್ಲು ನಿಲ್ಲಿಸಿ ಜೋಳ ಹಾಕಿದ್ದರು ಎಂಬುದು ಆ ಅಂಕಿಗಳಲ್ಲಿ ತಿಳಿಯುತ್ತಿತ್ತು. ಕೆಳಗೆ ನಾನೇ ಕನ್ನಡದಲ್ಲಿ ಬರೆದಿಟ್ಟ ಲೇಬಲ್ಲುಗಳಿದ್ದವು. ಪ್ರತಿ ಪದದ ಮೊದಲ ಮಾತು, ಅದು ಶುರುವಾದ ನಿಮಿಷ ಸೆಕೆಂಡು, ಅಲ್ಲಲ್ಲಿ ‘ಕೆಮ್ಮು’, ‘ಸೊಸೆ ದನಿಗೂಡಿಸಿದ್ದು’ ಎಂಬ ಟಿಪ್ಪಣಿ. ದನಿಯೊಂದನ್ನು ಬಿಟ್ಟು ದನಿಯ ಬಗೆಗಿನ ಎಲ್ಲವೂ ಉಳಿದಿತ್ತು.

ಏನಾಯಿತು ಎಂದು ಹುಡುಕಿದ ಬಗೆಯನ್ನು ಹೇಳುತ್ತೇನೆ, ಇದು ಇತರರಿಗೂ ಬೇಕಾದೀತು. ಆರ್‌ಸಿಂಕಿಗೆ ‘ಎನ್’ ಎಂಬ ಆಯ್ಕೆ ಕೊಟ್ಟರೆ ಅದು ಏನನ್ನೂ ಬರೆಯದೆ, ಅಳಿಸದೆ, ಏನು ಮಾಡುತ್ತಿದ್ದೆ ಎಂದು ಮಾತ್ರ ಹೇಳುತ್ತದೆ. ಜೊತೆಗೆ ‘ವಿ’ ಎಂಬುದನ್ನು ಎರಡು ಸಲ ಕೊಟ್ಟರೆ, ಇಂಥ ಫೋಲ್ಡರನ್ನು ಇಂಥ ನಿಯಮದ ಕಾರಣಕ್ಕೆ ಮರೆಮಾಡುತ್ತಿದ್ದೇನೆ ಎಂದು ಒಂದೊಂದನ್ನೂ ಹೆಸರಿಸುತ್ತದೆ. ಅಲ್ಲಿ ನನ್ನ ಸಾಲು ಇತ್ತು. ಗಮನಿಸಬೇಕಾದದ್ದು, ಒಂದು ಫೋಲ್ಡರಿಗೆ ಒಂದೇ ಸಾಲು. ಹೊರಗಿಟ್ಟ ಫೋಲ್ಡರಿನೊಳಗೆ ಆರ್‌ಸಿಂಕ್ ಕಾಲಿಡುವುದೇ ಇಲ್ಲ, ಹಾಗಾಗಿ ಒಳಗೆ ಎಷ್ಟಿತ್ತು ಎಂಬ ಲೆಕ್ಕವೂ ಅದರ ಹತ್ತಿರ ಇಲ್ಲ. ಸಾವಿರದಿನ್ನೂರು ಫೈಲು ಹೋದದ್ದನ್ನು ಹೇಳುವ ಸಾಲೂ ಒಂದು ಖಾಲಿ ಫೋಲ್ಡರು ಹೋದದ್ದನ್ನು ಹೇಳುವ ಸಾಲೂ ನೋಡಲು ಒಂದೇ. ಮೊರದಲ್ಲಿ ಕೇರುವವರಿಗೆ ಹಾರುವ ಹೊಟ್ಟು ಕಣ್ಣೆದುರೇ ಇರುತ್ತದೆ, ಅದರಲ್ಲಿ ಕಾಳು ಹಾರಿದರೆ ಕೈ ತಾನಾಗಿ ನಿಲ್ಲುತ್ತದೆ. ಈ ಕೆಲಸದಲ್ಲಿ ಹಾರಿದ್ದನ್ನು ನೋಡಲು ಬೇರೆಯೇ ಆಗಿ ಕೇಳಬೇಕು.

ಅಳಿದದ್ದನ್ನು ಮರಳಿ ಪಡೆಯಲು ಮಾಡಿದ ಪ್ರಯತ್ನ ಪೂರ್ತಿ ವ್ಯರ್ಥವಾಗಲಿಲ್ಲ. ಫೈಲನ್ನು ಅಳಿಸಿದಾಗ ಡಿಸ್ಕಿನ ಮೇಲಿನ ಬರಹ ಕೂಡಲೇ ಹೋಗುವುದಿಲ್ಲ. ಆ ಜಾಗದಲ್ಲಿ ಬೇರೆಯದನ್ನು ಬರೆದಾಗ ಹೋಗುತ್ತದೆ. ನಾನು ತಿಂಗಳುಗಟ್ಟಲೆ ಅದೇ ಡಿಸ್ಕಿಗೆ ಬರೆದಿದ್ದೆ. ಅಳಿಸಿದ ಫೈಲುಗಳನ್ನು ಹುಡುಕುವ ಉಪಕರಣವೊಂದು ಉಳಿದಿದ್ದ ತುಣುಕುಗಳನ್ನು ಹೆಕ್ಕಿಕೊಟ್ಟಿತು. ಹೆಸರಿಲ್ಲ, ಕ್ರಮವಿಲ್ಲ, ಯಾವ ಪದದ್ದು ಎಂಬುದೂ ಇಲ್ಲ. ಆಗ ನೆರವಿಗೆ ಬಂದದ್ದು ಎಯುಪಿ ಫೈಲಿನ ಆ ಮೂರು ಸಂಖ್ಯೆಗಳು. ಸಿಕ್ಕ ಪ್ರತಿ ತುಣುಕಿನ ಕನಿಷ್ಠ, ಗರಿಷ್ಠ, ಗಟ್ಟಿತನಗಳನ್ನು ಲೆಕ್ಕ ಹಾಕಿ, ಎಯುಪಿಯಲ್ಲಿದ್ದ ಸಂಖ್ಯೆಗಳ ಜೊತೆ ತಾಳೆ ನೋಡುವ ಪುಟ್ಟ ಪ್ರೋಗ್ರಾಮ್ ಬರೆದೆ. ದಶಮಾಂಶದ ಆಚೆಯ ಅಷ್ಟೂ ಅಂಕಿ ಎರಡು ತುಣುಕಿಗೆ ಒಂದೇ ಆಗುವುದು ಹೆಚ್ಚುಕಡಿಮೆ ಅಸಾಧ್ಯ. ತುಣುಕುಗಳು ತಮ್ಮ ಜಾಗಕ್ಕೆ ಬಂದು ಕೂತವು. ನಡುನಡುವೆ ಖಾಲಿ. ಒಂದು ಪದದ ಎರಡು ನುಡಿ ಪೂರ್ತಿ, ಇನ್ನೊಂದರ ಕೊನೆಯ ಎಳೆತ, ಮತ್ತೊಂದು ಕಡೆ ಬರೀ ಕಲ್ಲಿನ ಸದ್ದು. ಹೆಚ್ಚಿನ ಪಾಲು ಸಿಗಲಿಲ್ಲ.

ಊರಿಗೆ ಹೋಗಿ ಹೇಳಬೇಕಾಗಿತ್ತು. ಅವರ ಸೊಸೆ ಹಿಂದೆಯೇ ಕೇಳಿದ್ದರು, “ಅಣ್ಣಾರ, ಅತ್ತಿ ದನಿ ಅದರಾಗ ಐತ್ಯಲ್ರಿ, ತಿಂಗಳ ಮಾಸಿಕಕ್ಕ ಒಂದಿಷ್ಟ ಕೇಳಸ್ರಿ” ಎಂದು. ಆಗ ಕೆಲಸದ ಗಡಿಬಿಡಿಯಲ್ಲಿ ಹೋಗಿರಲಿಲ್ಲ. ಹೋಗಿದ್ದರೆ ಲ್ಯಾಪ್‌ಟಾಪಿನ ಡಿಸ್ಕ್ ಇನ್ನೂ ಚೆನ್ನಾಗಿತ್ತು, ಒಂದು ಪ್ರತಿ ಅವರ ಫೋನಿನಲ್ಲಿ ಉಳಿಯುತ್ತಿತ್ತು. ಈಗ ಹೋಗಿ, “ಅಕ್ಕಾರ, ಪದಾ ಹೋಗ್ಯಾವ್ರಿ. ಒಂದ್ ನಾಲ್ಕ ಚೂರ ಉಳದಾವು” ಎಂದೆ. “ಮಷೀನ್ ಕೆಟ್ರ ನೀವರ ಏನ್ ಮಾಡ್ತೀರಿ” ಎಂದರು ಅವರು, ನನ್ನನ್ನೇ ಸಮಾಧಾನ ಮಾಡುವ ದನಿಯಲ್ಲಿ. ಆ ಮಾತನ್ನು ಹಾಗೇ ಬಿಟ್ಟುಬಿಡಬಹುದಿತ್ತು, ಡಿಸ್ಕ್ ಕೆಟ್ಟದ್ದೂ ನಿಜವೇ. ಆದರೆ ಕೆಟ್ಟ ಡಿಸ್ಕಿನಿಂದ ಹೋದದ್ದಲ್ಲ ಅದು. ಮಷೀನು ನಾನು ಹೇಳಿದ್ದನ್ನೇ ಮಾಡಿತು, ಇವು ಬೇಡ ಎಂದು ಬರೆದದ್ದು ನಾನು ಎಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಉಳಿದ ಚೂರುಗಳನ್ನು ಕೇಳಿಸಿರಿ ಎಂದರು. ಕೇಳಿಸಿದೆ.

ಅಲ್ಲಿಂದ ಮುಂದೆ ಹೊರಗಿಡುವ ನಿಯಮಗಳನ್ನು ನಾನು ಓದುವ ರೀತಿಯೇ ಬದಲಾಯಿತು. ಇವುಗಳಲ್ಲಿ ಜನ ಸಿಕ್ಕಿಬೀಳುವ ಜಾಗಗಳು ಕೆಲವೇ, ಆದರೆ ಪ್ರತಿ ತಂತ್ರಾಂಶದಲ್ಲೂ ಬೇರೆ ಬೇರೆ ವೇಷದಲ್ಲಿ ಬರುತ್ತವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಓರೆಗೆರೆ. ಆರ್‌ಸಿಂಕಿನಲ್ಲಿ ನಿಯಮದ ಮೊದಲಿಗೆ ಓರೆಗೆರೆ ಹಾಕಿದರೆ, ನಕಲು ಮಾಡಲು ಹೇಳಿದ ಫೋಲ್ಡರಿನ ಬುಡದಿಂದ ಎಂದರ್ಥ, ಕಂಪ್ಯೂಟರಿನ ಬುಡದಿಂದ ಎಂದಲ್ಲ. ತಮ್ಮ ಹೋಮ್ ಫೋಲ್ಡರನ್ನು ಬ್ಯಾಕಪ್ ಮಾಡುವವರು, ಡೌನ್‌ಲೋಡ್ಸ್ ಬೇಡವೆಂದು ಅದರ ಪೂರ್ತಿ ವಿಳಾಸವನ್ನು ‘/ಹೋಮ್’ ಎಂಬಲ್ಲಿಂದ ಶುರುಮಾಡಿ ಬರೆಯುತ್ತಾರೆ. ಅದು ಯಾವುದಕ್ಕೂ ತಾಗುವುದಿಲ್ಲ. ತಾಗಲಿಲ್ಲ ಎಂದು ಆರ್‌ಸಿಂಕ್ ಹೇಳುವುದೂ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಮೂಲ ಫೋಲ್ಡರಿನ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಬುಡ ಆ ಫೋಲ್ಡರಿನ ಒಳಗೆ, ಇಲ್ಲದಿದ್ದರೆ ಒಂದು ಮೆಟ್ಟಿಲು ಹೊರಗೆ. ಅದೊಂದು ಗೆರೆ ಬದಲಾದರೆ ಮೊದಲಿಗೆ ಓರೆಗೆರೆ ಇರುವ ನಿಯಮಗಳೆಲ್ಲ ಜಾಗ ತಪ್ಪುತ್ತವೆ. ಹೊರಗಿಟ್ಟದ್ದು ಒಳಗೆ ಬರುತ್ತಿದೆ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಮೊದಲಿಗೆ ಓರೆಗೆರೆ ಇಲ್ಲದ, ಬರೀ ಹೆಸರಿನ ನಿಯಮ ಇದಕ್ಕೆ ತಿರುಗುಮುರುಗು. ಅದು ಮರದ ಯಾವ ಕೊಂಬೆಯಲ್ಲಿ ಆ ಹೆಸರು ಕಂಡರೂ ಹಿಡಿಯುತ್ತದೆ, ಮುಂದೆ ಎಂದೋ ಹುಟ್ಟುವ ಫೋಲ್ಡರನ್ನೂ ಹಿಡಿಯುತ್ತದೆ. ನನ್ನ ನಿಯಮ ಇಂಥದ್ದೇ. ವಿಂಡೋಸಿನ ರೋಬೋಕಾಪಿಯಲ್ಲೂ ಹೀಗೆಯೇ: ಫೋಲ್ಡರ್ ಬಿಡಲು ಇರುವ ‘ಎಕ್ಸ್‌ಡಿ’ ಆಯ್ಕೆಗೆ ಬರೀ ‘ಟೆಂಪ್’ ಎಂದು ಕೊಟ್ಟರೆ ಆ ಹೆಸರಿನ ಎಲ್ಲ ಫೋಲ್ಡರೂ, ಎಷ್ಟು ಆಳದಲ್ಲಿದ್ದರೂ, ಹೊರಗೆ. ಹುಬ್ಬಳ್ಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯರೊಬ್ಬರ ಯಂತ್ರದಲ್ಲಿ ಈ ನಿಯಮ ಕಂಡಾಗ ನನ್ನ ಎದೆ ಧಸಕ್ಕೆಂದಿತು. ಡಿಟಿಪಿ ಕೆಲಸ ಹತ್ತಿರದಿಂದ ಬಲ್ಲವರಿಗೆ ಗೊತ್ತು, ಗಿರಾಕಿ ಎದುರಿಗೆ ಕೂತು ಲಗ್ನಪತ್ರಿಕೆಯ ಕರಡು ತಿದ್ದಿಸುವಾಗ ಆಪರೇಟರ್ ಅವಸರಕ್ಕೆ ಟೆಂಪ್ ಎಂಬ ಫೋಲ್ಡರ್ ಮಾಡಿ ಅದರಲ್ಲೇ ಉಳಿಸುತ್ತಾನೆ. ಹೆಸರು ತಾತ್ಕಾಲಿಕ, ಒಳಗಿನದು ವರ್ಷಗಟ್ಟಲೆ ಅಲ್ಲೇ ಬೆಳೆದ ಕೆಲಸ. ರೋಬೋಕಾಪಿಗೆ ‘ಎಲ್’ ಆಯ್ಕೆ ಕೊಟ್ಟರೆ ಏನನ್ನೂ ನಕಲು ಮಾಡದೆ ಪಟ್ಟಿಯನ್ನಷ್ಟೇ ಕೊಡುತ್ತದೆ. ಆ ಪಟ್ಟಿಯನ್ನೂ ಡಿ ಡ್ರೈವಿನ ಪೂರ್ತಿ ಪಟ್ಟಿಯನ್ನೂ ಎದುರುಬದುರು ಇಟ್ಟಾಗ, ಒಂದು ಸಂಸ್ಥೆಯ ಸ್ಮರಣ ಸಂಚಿಕೆಯ ಇಡೀ ಪುಟವಿನ್ಯಾಸ ಟೆಂಪ್ ಒಳಗಿರುವುದು ಕಂಡಿತು. ನಿಯಮವನ್ನು ವಿಂಡೋಸಿನ ಟೆಂಪ್ ಫೋಲ್ಡರಿನ ಪೂರ್ತಿ ವಿಳಾಸಕ್ಕೆ ಕಟ್ಟಿಹಾಕಿದೆವು.

ಒಂದು ದೊಡ್ಡ ಫೋಲ್ಡರನ್ನು ಬಿಟ್ಟು ಅದರೊಳಗಿನ ಒಂದನ್ನು ಮಾತ್ರ ಉಳಿಸಿಕೊಳ್ಳಬೇಕೆಂದರೆ, ಉಳಿಸುವ ನಿಯಮವನ್ನು ಕೆಳಗೆ ಬರೆದರೆ ಸಾಲದು. ಆರ್‌ಸಿಂಕಿನಲ್ಲಿ ಮೊದಲು ತಾಗಿದ ನಿಯಮವೇ ಗೆಲ್ಲುತ್ತದೆ, ಆದ್ದರಿಂದ ಉಳಿಸುವುದು ಮೇಲೆ ಇರಬೇಕು. ಮೇಲೆ ಬರೆದರೂ, ತಾಯಿ ಫೋಲ್ಡರನ್ನೇ ಹೊರಗಿಟ್ಟಿದ್ದರೆ ಪ್ರಯೋಜನವಿಲ್ಲ, ಒಳಗೆ ಹೋಗಿ ನೋಡುವವರೇ ಇಲ್ಲ. ತಾಯಿಯನ್ನು ಬಿಡದೆ, ಓರೆಗೆರೆಯ ಮುಂದೆ ನಕ್ಷತ್ರ ಹಾಕಿ ಅದರ ಮಕ್ಕಳನ್ನು ಮಾತ್ರ ಬಿಡಬೇಕು.

ಮ್ಯಾಕ್ ಬಳಸುವವರಿಗೆ ಬೇರೊಂದು ತೊಡಕು. 2007ರಲ್ಲಿ ಬಂದ ಲೆಪರ್ಡ್ ಆವೃತ್ತಿಯಿಂದ ಮ್ಯಾಕಿನಲ್ಲಿರುವ ಟೈಮ್ ಮಷೀನ್‌ನಲ್ಲಿ ಹೊರಗಿಡುವುದು ಎರಡು ಬಗೆ. ಒಂದು ವಿಳಾಸಕ್ಕೆ ಅಂಟಿದ್ದು. ಇನ್ನೊಂದು ಆ ಫೈಲಿಗೋ ಫೋಲ್ಡರಿಗೋ ಗುರುತಾಗಿ ಅಂಟಿದ್ದು, ಅದನ್ನು ಎಲ್ಲಿಗೆ ಸರಿಸಿದರೂ ಗುರುತು ಜೊತೆಗೇ ಹೋಗುತ್ತದೆ. ಈ ಎರಡನೆಯ ಬಗೆ ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಕಾಣುವುದಿಲ್ಲ. ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಬ್ಯಾಕಪ್ಪಿನಲ್ಲಿದೆ ಎಂದು ನಂಬುವಂತಿಲ್ಲ. ಟರ್ಮಿನಲ್ಲಿನಲ್ಲಿ ಟಿಎಂಯುಟಿಲ್ ಎಂಬ ಉಪಕರಣದ ‘ಈಸ್‌ಎಕ್ಸ್‌ಕ್ಲೂಡೆಡ್’ ಆದೇಶಕ್ಕೆ ಫೋಲ್ಡರಿನ ಹೆಸರು ಕೊಟ್ಟು ಕೇಳಿದರೆ ಒಳಗೋ ಹೊರಗೋ ಎಂದು ನೇರವಾಗಿ ಹೇಳುತ್ತದೆ.

ಕನ್ನಡದಲ್ಲೇ ಫೋಲ್ಡರಿಗೆ ಹೆಸರಿಡುವ ನಮ್ಮಂಥವರಿಗೆ ಇನ್ನೂ ಒಂದು ಮಾತು. ಯೂನಿಕೋಡಿನಲ್ಲಿ ‘ಫೋಟೋ’ ಎಂಬುದರ ಓತ್ವದ ಗುರುತನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ, ಊತ್ವದ ಕೊಂಬು, ದೀರ್ಘ ಎಂದು ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಯುಟಿಎಫ್-8ರಲ್ಲಿ ಮೊದಲನೆಯದು 3 ಬೈಟು, ಎರಡನೆಯದು 9. ಮ್ಯಾಕಿನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತಿತ್ತು, ಲಿನಕ್ಸ್ ನಾವು ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ. ಹಳೆಯ ಮ್ಯಾಕಿನಿಂದ ಬಂದ ಫೋಲ್ಡರಿಗೆ ಲಿನಕ್ಸಿನಲ್ಲಿ ಕೂತು ನಿಯಮ ಬರೆದರೆ, ಬೈಟುಗಳನ್ನು ಹೋಲಿಸುವ ಆರ್‌ಸಿಂಕಿಗೆ ಅವು ಎರಡು ಬೇರೆ ಹೆಸರು. ಕಣ್ಣಿಗೆ ಅಕ್ಷರಶಃ ಸರಿಯಿರುವ ನಿಯಮ ಏಕೆ ತಾಗುತ್ತಿಲ್ಲ ಎಂದು ತಲೆಕೆಡಿಸಿಕೊಳ್ಳುವವರು ಹೆಸರನ್ನು ಬೈಟುಗಳಾಗಿ ತೋರಿಸುವ ಉಪಕರಣದಲ್ಲಿ ನೋಡಬೇಕು. ರಕಾರದ ಮುಂದೆ ಒತ್ತಕ್ಷರ ಬರುವಲ್ಲಿ ಕೆಲವು ಕೀಲಿಮಣೆಗಳು ಸೇರಿಸುವ, ಕಣ್ಣಿಗೆ ಕಾಣದ ಜೋಡಿಸುವ ಗುರುತೂ ಇದೇ ಕಾಟ ಕೊಡುತ್ತದೆ. ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಈ ತೊಂದರೆ ಇಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಫೋಲ್ಡರಿಗೆ ನಮ್ಮ ಭಾಷೆಯ ಹೆಸರಿಡುವುದನ್ನು ಬಿಡಬೇಕಾಗಿಲ್ಲ, ನಿಯಮ ಬರೆಯುವಾಗ ಹೆಸರನ್ನು ಕೈಯಲ್ಲಿ ಟೈಪಿಸದೆ ಫೋಲ್ಡರಿನಿಂದಲೇ ನಕಲಿಸಿಕೊಂಡರೆ ಸಾಕು.

ಈಗ ನನ್ನ ಹೊರಗಿಡುವ ಪಟ್ಟಿ ಬೇರೆ ಫೈಲಿನಲ್ಲಿದೆ. ಆರ್‌ಸಿಂಕ್ ಅಂಥ ಫೈಲಿನಲ್ಲಿ ಹ್ಯಾಷ್ ಗುರುತಿನಿಂದ ಶುರುವಾಗುವ ಸಾಲುಗಳನ್ನು ಬಿಟ್ಟುಬಿಡುತ್ತದೆ, ಹಾಗಾಗಿ ಪ್ರತಿ ನಿಯಮದ ಮೇಲೆ ಅದನ್ನು ಏಕೆ ಬರೆದೆ, ಒಳಗಿನದನ್ನು ತೆರೆದು ನೋಡಿದೆನೇ, ಅದು ಹೋದರೆ ಮರಳಿ ಎಲ್ಲಿಂದ ಬರುತ್ತದೆ ಎಂಬ ಒಂದು ವಾಕ್ಯ ಕನ್ನಡದಲ್ಲಿ ಬರೆದಿದ್ದೇನೆ. ಮರಳಿ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಬರೆಯಲಾಗದೆ ಅಳಿಸಿದ ನಿಯಮಗಳೇ ಹೆಚ್ಚು. ಡಿಲೀಟ್-ಎಕ್ಸ್‌ಕ್ಲೂಡೆಡ್ ತೆಗೆದಿದ್ದೇನೆ. ಪಟ್ಟಿಯಲ್ಲಿ ಏನಾದರೂ ಬದಲಾದ ದಿನ ಮೊದಲು ‘ಎನ್’ ಆಯ್ಕೆ ಕೊಟ್ಟು ನಡೆಸಿ ನೋಡಿ, ಮೂಲದ ಫೈಲುಗಳ ಸಂಖ್ಯೆಯನ್ನೂ ಬ್ಯಾಕಪ್ಪಿನ ಸಂಖ್ಯೆಯನ್ನೂ ಎಣಿಸಿ, ವ್ಯತ್ಯಾಸ ಯಾವ ಫೋಲ್ಡರುಗಳದ್ದೆಂದು ಹೆಸರಿಸಿಕೊಳ್ಳುತ್ತೇನೆ. ಪರೀಕ್ಷೆಗೆ ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ಹಾಡು ಕೇಳುತ್ತೇನೆ. ಅದೇ ಕಂಪ್ಯೂಟರಿನಲ್ಲಿ ತೆರೆದರೆ ಕಾಣೆಯಾದ ಭಾಗ ಮೂಲದಿಂದಲೇ ಬಂದು ಮೋಸವಾಗುವ ಸಾಧ್ಯತೆ ಇರುತ್ತದೆ.

2021ರ ಮಾರ್ಚಿನಲ್ಲಿ ಬಂದ ಆಡಾಸಿಟಿ 3.0 ಇಡೀ ಪ್ರಾಜೆಕ್ಟನ್ನು ಒಂದೇ ಫೈಲಿನಲ್ಲಿ ಇಡುತ್ತದೆ. ಹಳೆಯ ಎಯುಪಿ ಪ್ರಾಜೆಕ್ಟುಗಳು ಇನ್ನೂ ಇರುವವರು ಡೇಟಾ ಫೋಲ್ಡರುಗಳು ಜೊತೆಗಿರುವಾಗಲೇ ಅವನ್ನು ತೆರೆದು ಹೊಸ ರೂಪಕ್ಕೆ ತಂದುಕೊಳ್ಳಲಿ, ಜೊತೆಗೆ ವೇವ್ ಫೈಲಾಗಿಯೂ ಹೊರತೆಗೆದಿಡಲಿ. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ನಿಮಿಷಕ್ಕೆ ಹತ್ತು ಮೆಗಾಬೈಟಿಗಿಂತ ಸ್ವಲ್ಪ ಹೆಚ್ಚು ಜಾಗ ಬೇಕು. ಇವತ್ತಿನ ಡಿಸ್ಕುಗಳಿಗೆ ಅದು ಏನೂ ಅಲ್ಲ.

ಉಳಿದಿದ್ದ ಲೇಬಲ್ಲುಗಳನ್ನು ಮುದ್ರಿಸಿಕೊಂಡು ಮತ್ತೆ ಆ ಊರಿಗೆ ಹೋದೆ. ಅಜ್ಜಿಯ ಓಣಿಯವರೇ ಆದ ಇನ್ನೊಬ್ಬ ಹಿರಿಯ ಹೆಣ್ಣುಮಗಳಿಗೆ ಒಂದೊಂದು ಪದದ ಮೊದಲ ಮಾತನ್ನು ಓದಿ ಹೇಳಿದೆ. ಕೆಲವು ಅವರಿಗೆ ಗೊತ್ತಿರಲಿಲ್ಲ. ಕೆಲವನ್ನು ಅವರು ಬೇರೆ ರೀತಿಯಲ್ಲಿ ಮುಂದುವರಿಸಿದರು, “ಆಕಿ ಹಂಗ ಅಂತಿದ್ಲು, ನಮ್ಮವ್ವ ಹಿಂಗ ಅಂತಿದ್ಲು” ಎಂದು ವ್ಯತ್ಯಾಸ ತೋರಿಸಿಕೊಟ್ಟರು. ಅಜ್ಜಿಯ ಸೊಸೆ ಕಲ್ಲನ್ನು ಅವರ ಪಡಸಾಲೆಗೆ ಹೊರಿಸಿ ತಂದಿದ್ದರು. ಅಲ್ಲಿ ಹಾಡಿದ್ದನ್ನು ರೆಕಾರ್ಡ್ ಮಾಡಿ, ಅದರ ಪ್ರತಿಯನ್ನು ಅವತ್ತೇ ಸಂಜೆ ಎರಡೂ ಮನೆಯವರ ಫೋನುಗಳಿಗೆ ಹಾಕಿ, ಅಲ್ಲೇ ಕೂತು ಪೂರ್ತಿ ಕೇಳಿದೆವು. ನನ್ನ ಸ್ಕ್ರಿಪ್ಟಿನಲ್ಲಿ ಹಾಡುಗಳ ಫೋಲ್ಡರಿಗೆ ಈಗ ಬೇರೆಯೇ ಒಂದು ಆರ್‌ಸಿಂಕ್ ಸಾಲಿದೆ, ಹೊರಗಿಡುವ ಪಟ್ಟಿಯ ಫೈಲನ್ನು ಅದು ಓದುವುದೇ ಇಲ್ಲ.